ಮದ್ಯವಿಕ್ರಯವೂ ಮಾರುವವನ ಹೊಣೆಯೂ

ಕೊಳ್ಳುವವನೇ ಎಚ್ಚರದಿಂದಿರತಕ್ಕದ್ದೆಂಬ ನ್ಯಾಯವು ಬಟ್ಟೆಯ ಅಂಗಡಿಗೂ ಪಾತ್ರೆಯ ಅಂಗಡಿಗೂ ಒಪ್ಪುವಂತೆ ಮದ್ಯದ ಅಂಗಡಿಗೆ ಒಪ್ಪದು. ಏಕೆಂದರೆ ಮಿಕ್ಕ ಪದಾರ್ಥಗಳನ್ನು ಕೊಂಡವನ ವಿವೇಚನೆಯು ಕೊಂಡ ಬಳಿಕವೂ ಮೊದಲಿನಂತೆಯೇ ಉಳಿದಿರುತ್ತದೆ, ಇಲ್ಲಿಯಾದರೋ ಮೊದಲನೆಯ ಲೋಟವು ಎರಡನೆಯದನ್ನು ನಿರಾಕರಿಸುವ ಶಕ್ತಿಯನ್ನೂ, ಎರಡನೆಯದು ಮೂರನೆಯದನ್ನು ನಿರಾಕರಿಸುವ ಶಕ್ತಿಯನ್ನೂ ಕುಂದಿಸುತ್ತ ಹೋಗುತ್ತದೆ. ಈ ವ್ಯವಹಾರದಲ್ಲಿ ಕೊನೆಯವರೆಗೂ ಸ್ವಸ್ಥಚಿತ್ತನಾಗಿರುವವನು ಮಾರುವವನೊಬ್ಬನೇ ಆದಕಾರಣ, ಇನ್ನು ಸಾಕೆನ್ನುವ ಕರ್ತವ್ಯವೂ ಮೊದಲು ಅವನದೇ ಎಂಬುದು ನನ್ನ ಮತ.

ಈ ವಿಚಾರವು ನಮಗೆ ಹೊಸದೇನೂ ಅಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಯೋಲೆಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ಶುದ್ಧ ನಡತೆಯವರೆಂದು ಪರಿಚಿತರಾದವರು ಮಾತ್ರ ಅಲ್ಪಪ್ರಮಾಣದ ಮದ್ಯವನ್ನು ಹೊರಗೊಯ್ಯಬಹುದೆಂದೂ, ಮಿಕ್ಕವರು ಹಾಸಿಗೆ ಆಸನಗಳುಳ್ಳ ಪಾನಗೃಹದಲ್ಲಿಯೇ ಕುಡಿಯಬೇಕೆಂದೂ ವಿಧಿಸುವ ಆ ಗ್ರಂಥವು, ಮತ್ತನಾದವನ ಒಡವೆ ವಸ್ತ್ರ ಹಣಗಳು ಅಲ್ಲಿ ಕಳೆದುಹೋದರೆ ವರ್ತಕನು ಅವನ್ನು ತುಂಬಿಕೊಟ್ಟು ಅಷ್ಟೇ ಮೊತ್ತದ ದಂಡವನ್ನೂ ತೆರಬೇಕೆನ್ನುತ್ತದೆ. ಬೊಕ್ಕಸದ ವಿಷಯದಲ್ಲಿ ಅಷ್ಟು ನಿಷ್ಠುರನಾದ ಕೌಟಿಲ್ಯನೇ ಕುಡಿದವನ ಒಡವೆಗೆ ಮಾರಿದವನನ್ನು ಹೊಣೆಮಾಡಿರುವಾಗ, ಕುಡಿದವನ ಪ್ರಾಣದ ಮಾತು ಬಂದಾಗ ನಾವು ಮಾರಿದವನನ್ನು ಲೆಕ್ಕಕ್ಕೇ ತಂದುಕೊಳ್ಳದೆ ಇರುವ ರೂಢಿಯನ್ನು ಹೇಗೆ ಸಮರ್ಥಿಸೋಣ?

ನಮ್ಮ ನಿಯಮಗಳ ಲಕ್ಷ್ಯವು ಬಹುಮಟ್ಟಿಗೆ ಸ್ಥಳದ ಮೇಲೆ ನೆಟ್ಟಿದೆ. ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಇರಕೂಡದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಆದೇಶಿಸಿ, 20,000ಕ್ಕೆ ಮೀರದ ಜನಸಂಖ್ಯೆಯ ಊರುಗಳಿಗೆ ಮರುವರ್ಷ ಅದನ್ನು 220 ಮೀಟರಿಗೆ ಇಳಿಸಿತು. ದೂರದ ನಿಯಮವು ಅವಶ್ಯವೇ. ಆದರೆ ಗಲ್ಲಾಪೆಟ್ಟಿಗೆಯೆದುರು ತೂರಾಡುತ್ತ ನಿಂತವನಿಗೆ ಇನ್ನೊಂದು ಕ್ವಾರ್ಟರ್ ಕೊಡಬಹುದೇ ಎಂಬುದನ್ನು ಅಳತೆಯ ಪಟ್ಟಿಯು ಹೇಳಲಾರದು. ವಯಸ್ಸಿನ ವಿಷಯದಲ್ಲಂತೂ ಕರ್ನಾಟಕದ 1965ರ ಅಬಕಾರಿ ಅಧಿನಿಯಮವು 18 ಎಂದರೆ 1967ರ ನಿಯಮಗಳು 21 ಎನ್ನುತ್ತವೆ. 2023ರಲ್ಲಿ ಎರಡನ್ನೂ 18ಕ್ಕೆ ಸಮಮಾಡಹೊರಟ ಸರ್ಕಾರವು ಜನರ ವಿರೋಧವನ್ನು ಕಂಡು ಹಿಂದೆಗೆಯಿತು. ಹಿಂದೆಗೆದುದು ಸರಿಯೇ, ಅಧಿನಿಯಮವನ್ನೇ 21ಕ್ಕೆ ಏರಿಸುವುದು ಇನ್ನೂ ಸರಿಯಾದುದು. ಇನ್ನು ವಾಹನ ಚಾಲಕರ ಮಾತು: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದವನನ್ನು ಪೊಲೀಸರು ಚೌಕದಲ್ಲಿ ಹಿಡಿದು ನ್ಯಾಯಾಲಯಕ್ಕೆ ಕಳುಹಿಸುತ್ತಾರೆ, ಅವನ ಕೈಗೆ ಲೋಟವನ್ನೂ ಅನಂತರ ಬೀಗದ ಕೈಯನ್ನೂ ಕೊಟ್ಟ ಬಾರಿನ ಹೆಸರನ್ನು ಕೇಳುವವರಿಲ್ಲ.

ಹಳ್ಳಿಗಳ ಸ್ಥಿತಿಯು ಇದಕ್ಕಿಂತ ದಾರುಣ. 2007ರ ಜುಲೈಯಲ್ಲಿ ಸಾರಾಯಿ ನಿಂತಿತು. ಅದರ ಸ್ಥಾನಕ್ಕೆ ಅಗ್ಗದ ವಿಸ್ಕಿಯ ಪುಟ್ಟ ಪೊಟ್ಟಣಗಳು ಬಂದವು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಬಂದ ಸಾವಿರಾರು ಹೆಣ್ಣುಮಕ್ಕಳು, ಪರವಾನಗಿಯೇ ಇಲ್ಲದ ಕಿರಾಣಿ ಅಂಗಡಿ ಗೂಡಂಗಡಿಗಳಲ್ಲಿ ಮದ್ಯವು ಸಿಕ್ಕುವುದನ್ನು ಕುರಿತು ಮೊರೆಯಿಟ್ಟರು. ಆ ಪೊಟ್ಟಣಗಳು ಪೆಟ್ಟಿಗೆಗಟ್ಟಲೆಯಾಗಿ ಹೊರಡುವುದು ಪಟ್ಟಣದ ಪರವಾನಗಿಯುಳ್ಳ ಅಂಗಡಿಯಿಂದಲೇ ಆಗಿದ್ದಲ್ಲಿ, ಗೂಡಂಗಡಿಯ ಬಡವನನ್ನು ಹಿಡಿದು, ಕೊಟ್ಟ ಸಾಹುಕಾರನನ್ನು ಬಿಡುವುದು ನ್ಯಾಯವೆನಿಸದು.

ಇದೆಲ್ಲ ಸಡಿಲವಾಗಿ ಉಳಿದಿರುವುದಕ್ಕೆ ಮುಖ್ಯ ಕಾರಣವನ್ನು ನಾನು ರಾಜಸ್ವದ ಗುರಿಯಲ್ಲಿ ಕಾಣುತ್ತೇನೆ. 2025-26ರ ಆಯವ್ಯಯದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿಗಳನ್ನು ನಿರೀಕ್ಷಿಸಿದ ಸರ್ಕಾರದ ಅದೇ ಇಲಾಖೆಗೆ, ಕಡಿಮೆ ಮಾರಿದ ವರ್ತಕನನ್ನು ಮೆಚ್ಚಿಕೊಳ್ಳೆಂದು ಹೇಳುವುದು ವ್ಯರ್ಥ. ಸ್ವೀಡನ್ನಿನಲ್ಲಿ 1955ರಿಂದ ಸರ್ಕಾರದ ಅಂಗಡಿಯೇ, ಲಾಭವನ್ನು ಹಿಗ್ಗಿಸುವ ಗುರಿಯಿಲ್ಲದೆ, ಮದ್ಯವನ್ನು ಮಾರುತ್ತ ಬಂದಿದೆ, ಈಗ ಅದು ಮಾರುವುದು ಇಪ್ಪತ್ತು ತುಂಬಿದವರಿಗೆ ಮಾತ್ರ. ನಮ್ಮಲ್ಲಿ ಅಷ್ಟು ಆಗದಿದ್ದರೂ, ತೆರಿಗೆಯನ್ನು ಎತ್ತುವ ಅಧಿಕಾರಿಯ ಕೈಯಿಂದ ಮಾರಾಟದ ನಡತೆಯನ್ನು ಪರೀಕ್ಷಿಸುವ ಕಾರ್ಯವನ್ನು ಬಿಡಿಸಿ ಆರೋಗ್ಯ ಇಲಾಖೆಗೊಪ್ಪಿಸಬಹುದು. ತಪ್ಪಿದ ಅಂಗಡಿಯ ಬಾಗಿಲನ್ನು, ದಂಡಕ್ಕೆ ಬದಲಾಗಿ, ಕೆಲವು ವಾರಗಳ ಕಾಲ ಮುಚ್ಚಿಸಬಹುದು. ಅದರ ಜೊತೆಗೆ, ಬಾರಿನ ಮೇಜಿನ ಬಳಿ ನಿಂತು ಬೇಡವೆನ್ನಬೇಕಾದವನು ಗಿರಾಕಿಯ ಟಿಪ್ಸನ್ನೇ ನಂಬಿದ ಸಪ್ಲೈಯರ್ ಹುಡುಗನಾದುದರಿಂದ, ಹಾಗೆ ಬೇಡವೆಂದ ಕಾರಣಕ್ಕಾಗಿ ಅವನನ್ನು ಕೆಲಸದಿಂದ ತೆಗೆಯುವ ಮಾಲೀಕನ ಪರವಾನಗಿಯು ಅಮಾನತ್ತಾಗುವಂತೆ ಅಧಿನಿಯಮದಲ್ಲಿಯೇ ಬರೆಯತಕ್ಕದ್ದು.