ಬೆಳೆದ ನೆಲದ ಸಾಕ್ಷ್ಯ

ಕಾರ್ತಿಕ ಮಾಸ ಕಳೆಯುವ ಹೊತ್ತಿಗೆ ಕೋಣಂದೂರಿನ ಆಸುಪಾಸಿನ ಮನೆಯಂಗಳಗಳಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ಸಾಲು ಕೂರುತ್ತದೆ. ರಾತ್ರಿಯೆಲ್ಲ ಸುಲಿದ ಅಡಿಕೆಯು ಚೊಗರಿನ ಹಂಡೆಯಲ್ಲಿ ಬೆಂದು, ಚಪ್ಪರದ ಮೇಲೆ ಒಣಗಿ ಕೆಂಪಡರಿ, ಹಸ, ಬೆಟ್ಟೆ, ಗೊರಬಲೆಂದು ಬೇರ್ಪಟ್ಟು ಶಿವಮೊಗ್ಗದ ಮಂಡಿಯನ್ನು ಸೇರುವ ತನಕ, ಕೊನೆಗಾರನಿಂದ ಮೊದಲ್ಗೊಂಡು ಲಾರಿಯ ಹಮಾಲನವರೆಗೆ ಎಷ್ಟೋ ಕುಟುಂಬಗಳ ಅನ್ನವು ಅದರೊಡನೆ ಹೆಣೆದುಕೊಂಡಿರುತ್ತದೆ. ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯು ಇವರಿಗೆ ಎರಡನೆಯ ಆಸರೆ. ಕೊಳೆರೋಗದಿಂದ ಅಡಿಕೆ ಉದುರಿದ ವರ್ಷ ಮನೆಯ ಮಾನವನ್ನು ಕಾಯುವುದು ಅಟ್ಟದ ಮೇಲಿನ ಮೆಣಸಿನ ಚೀಲವೇ.

ಈ ಎರಡೂ ಬೆಳೆಗಳ ದರವು ಹೊರದೇಶದ ಸರಕಿಗೆ ಅಂಜಬೇಕಾಗಿದೆ. ಹಾಗೆಂದು 1998ರ ಡಿಸೆಂಬರಿನಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದವನ್ನು ನಾನು ದ್ವೇಷಿಸುವವನಲ್ಲ. ದ್ವೀಪದ ಕೃಷಿಕನೂ ನಮ್ಮಂತೆಯೇ ಬೆವರು ಸುರಿಸುವವನು. ಅವನು ಸ್ವಂತ ನೆಲದಲ್ಲಿ ಬೆಳೆದುದು ಸುಂಕದ ರಿಯಾಯಿತಿಯಲ್ಲಿ ನಮ್ಮಲ್ಲಿಗೆ ಬರುವುದು ನ್ಯಾಯವೇ ಸರಿ. ಆದರೆ ವಿಯೆಟ್ನಾಮಿನ ಮೆಣಸು ಶ್ರೀಲಂಕೆಯನ್ನು ಹಾದು, ಅಲ್ಲಿಯದೇ ಬೆಳೆಯೆಂಬ ಪ್ರಮಾಣಪತ್ರವನ್ನು ಹೊತ್ತು ಒಳಬರುತ್ತಿದೆಯೆಂದು ನಮ್ಮ ಬೆಳೆಗಾರರು ಬಹುಕಾಲದಿಂದ ಮೊರೆಯಿಡುತ್ತಿದ್ದಾರೆ. ಹೀಗೆ ಬಂದ ಸರಕಿನಿಂದ ದರ ಕುಸಿದಾಗ ತೋಟದೊಡೆಯನು ಮೊದಲು ಕೈಬಿಡುವುದು ಬೇಸಾಯವನ್ನು. ಬುಡಕ್ಕೆ ಗೊಬ್ಬರ ಬೀಳದು, ಡಬ್ಬದ ಲೆಕ್ಕದಲ್ಲಿ ಸುಲಿಯುವ ಹೆಂಗಸಿನ ಕೂಲಿ ಏರದು.

ಕೇಂದ್ರ ಸರ್ಕಾರವು 2017ರ ಡಿಸೆಂಬರಿನಲ್ಲಿ ಮೆಣಸಿಗೆ ಕಿಲೋ ಒಂದಕ್ಕೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ವಿಧಿಸಿತು. 2023ರ ಫೆಬ್ರವರಿಯಲ್ಲಿ ಅಡಿಕೆಯದನ್ನು 251ರಿಂದ 351ಕ್ಕೆ ಏರಿಸಿತು. ಅದಕ್ಕೆ ಐದೇ ತಿಂಗಳ ಮುನ್ನ ಭೂತಾನಿನ 17,000 ಟನ್ ಹಸಿ ಅಡಿಕೆಗೆ ಆ ಕಟ್ಟನ್ನು ಸಡಿಲಿಸಿದ್ದೂ ಉಂಟು. ಬೆಲೆಯ ಬೇಲಿಯು ಅವಶ್ಯವೆಂದು ಒಪ್ಪುತ್ತೇನೆ. ಅದಾಗ್ಯೂ ಸರಕುಪಟ್ಟಿಯಲ್ಲಿ ಹೆಚ್ಚಿನ ಅಂಕಿ ಬರೆದು ಅದನ್ನು ದಾಟಲು ಸಾಧ್ಯವಿರುವುದರಿಂದ, ನಿಜವಾದ ಕಾವಲು ಇರತಕ್ಕದ್ದು ಸರಕಿನ ಮೂಲದ ಮೇಲೆ. ಮೂಲದ ವಿವರವನ್ನು ಆಮದುದಾರನೇ ಹೊಂದಿರಬೇಕೆಂಬ ನಿಯಮವು 2020ರ ಸೆಪ್ಟೆಂಬರಿನಿಂದಲೇ ಜಾರಿಯಲ್ಲಿದೆ. ಆ ವಿವರವೂ ಕಾಗದವೇ ಅಲ್ಲವೆ?

ಅಡಿಕೆಯೊಂದನ್ನು ಅಂಗೈಯಲ್ಲಿ ಹೊರಳಿಸಿ, ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬಿಳಿ ಗೆರೆಗಳನ್ನು ನೋಡಿ ಅದು ಯಾವ ಸೀಮೆಯದೆಂದು ಹೇಳಬಲ್ಲ ಹಿರಿಯರು ನಮ್ಮ ಮಂಡಿಗಳಲ್ಲಿ ಇಂದಿಗೂ ಇದ್ದಾರೆ. ಮಾಮ್‌ಕೋಸ್, ಕ್ಯಾಂಪ್ಕೊಗಳಂಥ ಸಹಕಾರಿ ಸಂಸ್ಥೆಗಳ ಮೂಲಕ ಇಂಥವರನ್ನು ಬಂದರಿನ ತಪಾಸಣೆಗೆ ಕರೆಯಿರಿ. ಅನುಮಾನ ಬಂದ ಸರಕನ್ನು ಅವರ ಮುಂದೆ ಸುರಿದು ಪ್ರಯೋಗಾಲಯದ ಪರೀಕ್ಷೆಗೂ ಕಳುಹಿಸಿ, ವರದಿ ಬರುವವರೆಗೆ ರಿಯಾಯಿತಿಯನ್ನು ತಡೆಹಿಡಿಯಿರಿ.