ಮೊದಲು ಮಾತಾಡಿ, ಆಮೇಲೆ ಎಲೆ ಹಂಚಿ

"ಒಳ್ಳೆಯ ಜೊತೆಗಾತಿಗೆ ಏನನ್ನೂ ಬಿಡಿಸಿ ಹೇಳಬೇಕಾಗಿಲ್ಲ, ಅವಳಿಗೆ ತಾನಾಗಿಯೇ ತಿಳಿಯುತ್ತದೆ." ಈ ಮಾತನ್ನು ನಾವು ಹೆಂಗಸರು ಎಲ್ಲಿ ಕೇಳಿಲ್ಲ ಹೇಳಿ? ಮದುವೆಯಾಗಿ ಹೋದ ಮನೆಯ ಅಡುಗೆಕೋಣೆಯಲ್ಲಿ ಕೇಳಿದ್ದೇವೆ. ನಾನಂತೂ ಶಾಲೆಯ ಸ್ಟಾಫ್ ರೂಮಿನಲ್ಲೂ ಕೇಳಿದ್ದೇನೆ. ಈಗ ಬ್ರಿಜ್ ಆಡುವ ಮೇಜಿನಲ್ಲೂ ಕೇಳುತ್ತಿದ್ದೇನೆ. ಹೊಗಳಿಕೆಯ ಹಾಗೆ ಕಾಣುವ ಈ ಮಾತು ನಿಜಕ್ಕೂ ಒಂದು ಬಲೆ. ತಿಳಿದರೆ ಅದು ಅವರ ಜಾಣತನ, ತಿಳಿಯದಿದ್ದರೆ ನಮ್ಮ ದಡ್ಡತನ!

ನಮ್ಮ ಫಳ್ನೀರಿನಲ್ಲಿ ಹಂಚಿನ ಮನೆಗಳು ಒಂದೊಂದಾಗಿ ಹೋಗಿ ಫ್ಲ್ಯಾಟುಗಳು ಎದ್ದಿವೆ. ಮಕ್ಕಳು ಬೆಂಗಳೂರಿಗೋ ದುಬೈಗೋ ಹೋದ ಮೇಲೆ ಮಧ್ಯಾಹ್ನದ ಹೊತ್ತು ಉದ್ದವಾಗುತ್ತದೆ. ನಾವು ನಾಲ್ವರು ಹೆಂಗಸರು ಕೂತು ಇಸ್ಪೀಟೆಲೆ ಹಂಚಿದರೆ "ಟೀಚರಾಗಿ ಜೂಜಾ?" ಎಂದು ಹುಬ್ಬೇರಿಸುವವರು ಇನ್ನೂ ಇದ್ದಾರೆ. ಅವರಿಗೆ ಎರಡೇ ಮಾತು. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಹೇಳಿದಾಗ ಹೋಲಿಕೆಗೆ ತೆಗೆದುಕೊಂಡದ್ದು ಬ್ರಿಜ್ಜನ್ನೇ. 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಬ್ರಿಜ್ ಮೊದಲ ಬಾರಿಗೆ ಸೇರಿದಾಗ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಚಿನ್ನ ತಂದರು. ಕಂಚು ಗೆದ್ದ ಮಿಶ್ರ ತಂಡದಲ್ಲಿ ಹೇಮಾ ದೇವ್ರಾ, ಕಿರಣ್ ನಾಡಾರ್, ಹಿಮಾನಿ ಖಂಡೇಲ್ವಾಲ್ ಇದ್ದರು. ಹೇಮಾ ಅವರಿಗೆ ಆಗ 67 ವರ್ಷ. ಅರುವತ್ತಾದ ಮೇಲೆ ಹೆಂಗಸರಿಗೆ ಜಪಮಾಲೆಯೊಂದೇ ಸಾಕು ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಲಿ.

ನನ್ನ ಜಗಳ ಅವರೊಡನೆ ಅಲ್ಲ. ಆಡುವವರೊಳಗೇ ಇರುವ ಮೌನದ ಅಭ್ಯಾಸದೊಡನೆ. ಅದು ಎಲ್ಲಕ್ಕಿಂತ ಚೆನ್ನಾಗಿ ಬಯಲಾಗುವುದು ನೋ ಟ್ರಂಪ್ ಓವರ್‌ಕಾಲಿನಲ್ಲಿ.

ಬ್ರಿಜ್ ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸುತ್ತೇನೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1, ಹೀಗೆ ಇಡೀ ಕಟ್ಟಿನಲ್ಲಿ 40 ಅಂಕ. ಎದುರಾಳಿ "ಒಂದು ಆಟೀನ್" ಎಂದು ಕೂಗಿ ಆಟ ತೆರೆದರು ಎನ್ನಿ. ಅವರ ಮೇಲೆ ನೀವು "ಒಂದು ನೋ ಟ್ರಂಪ್" ಎಂದರೆ, ಅಂದರೆ ತುರುಫೇ ಇಲ್ಲದೆ ಆಡುತ್ತೇನೆ ಎಂದರೆ, ಅದೇ ಓವರ್‌ಕಾಲ್. ಸಾಮಾನ್ಯ ಅರ್ಥ ಇಷ್ಟು: ನನ್ನಲ್ಲಿ 15ರಿಂದ 18 ಅಂಕ ಇದೆ, ನಾಲ್ಕು ಬಣ್ಣವೂ ಹದವಾಗಿ ಹಂಚಿದೆ, ನಿಮ್ಮ ಆಟೀನನ್ನು ತಡೆಯುವ ಎಲೆಯೂ ನನ್ನಲ್ಲಿದೆ.

ಈಗ ಲೆಕ್ಕ ಹಾಕಿ. ಆಟ ತೆರೆದವರಲ್ಲಿ 13, ನಿಮ್ಮಲ್ಲಿ 16, ಸೇರಿ 29. ಉಳಿದದ್ದು 11. ಅದು ಇಬ್ಬರಲ್ಲಿ ಹಂಚಿಹೋಗಬೇಕು. ನಿಮ್ಮ ಜೊತೆಗಾತಿಯ ಪಾಲಿಗೆ ಸರಾಸರಿ ಐದೂವರೆ! ಅಂದರೆ ಹೆಚ್ಚಿನ ಸಲ ಅವಳ ಕೈ ಬಡವೇ. ಹಾಗಿರುವಾಗ ಅವಳಿಗೆ ಬೇಕಾದದ್ದು ಸುರಕ್ಷಿತ ಜಾಗಕ್ಕೆ ಇಳಿಯುವ ಒಂದು ದಾರಿ. ಆ ದಾರಿ ಯಾವುದೆಂದು ಮೊದಲೇ ಹೇಳದೆ ಅವಳನ್ನು ಕತ್ತಲಲ್ಲಿ ಬಿಡುವುದು ಯಾವ ನ್ಯಾಯ?

ಒಂದು ಸ್ಪರ್ಧೆಯಲ್ಲಿ ನನಗೆ ಹೊಸ ಜೊತೆಗಾರರೊಬ್ಬರು ಸಿಕ್ಕಿದ್ದರು. ನಿವೃತ್ತ ಅಧಿಕಾರಿ, ಓದಿಕೊಂಡವರು. "ನೋ ಟ್ರಂಪ್ ಓವರ್‌ಕಾಲಿಗೆ ನನ್ನ ಉತ್ತರಗಳು ಹೇಗಿರಬೇಕು?" ಎಂದು ಕೂರುವ ಮೊದಲೇ ಕೇಳಿದೆ. "ಅದೆಲ್ಲ ಯಾಕೆ ಟೀಚರ್? ಆಡ್ತಾ ಆಡ್ತಾ ಗೊತ್ತಾಗ್ತದೆ ಬಿಡಿ" ಎಂದರು. ಇನ್ನೊಮ್ಮೆ ಕೇಳಿದೆ. ನಕ್ಕರು. ಮೂರನೆಯ ಕೈಯಲ್ಲೇ ಎದುರಾಳಿ ಒಂದು ಆಟೀನ್ ಅಂದರು, ಇವರು ಒಂದು ನೋ ಟ್ರಂಪ್ ಅಂದರು. ನನ್ನಲ್ಲಿ ಐದು ಇಸ್ಪೀಟು, ಬರೇ ನಾಲ್ಕು ಅಂಕ. ಒಪ್ಪಂದ ಏನೂ ಇಲ್ಲದ್ದರಿಂದ ಇದ್ದದ್ದನ್ನೇ ಹೇಳಿದೆ: ಎರಡು ಇಸ್ಪೀಟ್. ಅವರ ಪುಸ್ತಕದಲ್ಲಿ ಅದರ ಅರ್ಥ "ಕಳಾವರಿಗೆ ಹೋಗಿ" ಎಂದಿತ್ತಂತೆ! ಮೂರು ಕಳಾವರ್ ಎಂದರು. ನಾನು ಮೂರು ಇಸ್ಪೀಟಿಗೆ ಏರಲೇಬೇಕಾಯಿತು. ಎಂಟು ಟ್ರಿಕ್ ಬಂತು, ಬೇಕಾಗಿದ್ದದ್ದು ಒಂಬತ್ತು. ಎರಡಕ್ಕೇ ನಿಂತಿದ್ದರೆ 110 ಸಿಗುತ್ತಿತ್ತು. ಬದಲಿಗೆ 50 ಕಳೆಯಿತು. ಒಟ್ಟು 160ರ ವ್ಯತ್ಯಾಸ. "ಇಷ್ಟೂ ಗೊತ್ತಿಲ್ವಾ?" ಎಂದು ಅವರು ಗಟ್ಟಿಯಾಗಿ ಕೇಳಿದ್ದನ್ನು ಪಕ್ಕದ ಮೇಜಿನವರೂ ಕೇಳಿಸಿಕೊಂಡರು. ಕೇಳಿದಾಗ ಹೇಳದವರು ಆಮೇಲೆ ಬೈಯುವ ಹಕ್ಕನ್ನು ಎಲ್ಲಿಂದ ತರುತ್ತಾರೋ!

ಹಾಗಾದರೆ ಹೊಸಬರೊಡನೆ ಎಷ್ಟು ಮಾತಾಡಬೇಕು? ಪುಸ್ತಕದ ಹುಳುಗಳು ಹದಿನೈದು ಒಪ್ಪಂದಗಳ ಪಟ್ಟಿ ಹಿಡಿದು ಬರುತ್ತಾರೆ. ಅದೂ ಬೇಡ. ಮರೆತುಹೋಗುವ ಒಪ್ಪಂದ ಒಪ್ಪಂದವೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ನನ್ನ ಪ್ರಕಾರ ಐದು ಪ್ರಶ್ನೆ ಸಾಕು, ಒಂದು ಲೋಟ ಕಾಫಿ ಮುಗಿಯುವುದರೊಳಗೆ ಇತ್ಯರ್ಥವಾಗುತ್ತದೆ. ನಿಮ್ಮ ಓವರ್‌ಕಾಲಿಗೆ ಎಷ್ಟು ಅಂಕ? ನಾವೇ ಒಂದು ನೋ ಟ್ರಂಪಿನಿಂದ ಆಟ ತೆರೆದಾಗ ಕೊಡುವ ಉತ್ತರಗಳೇ ಇಲ್ಲಿಗೂ ಅನ್ವಯವೇ? ಎದುರಾಳಿ ಡಬಲ್ ಮಾಡಿದರೆ? ಅವರು ತೆರೆದ ಮೇಲೆ ಇಬ್ಬರು ಪಾಸ್ ಎಂದು, ನಾಲ್ಕನೆಯವರು ಒಂದು ನೋ ಟ್ರಂಪ್ ಅಂದರೆ? ಕೊನೆಯದಾಗಿ, ನೇರವಾಗಿ ಎರಡು ನೋ ಟ್ರಂಪಿಗೆ ಹಾರಿದರೆ?

ನನ್ನ ಉತ್ತರಗಳನ್ನೂ ಹೇಳುತ್ತೇನೆ. 15ರಿಂದ 18. ಉತ್ತರಗಳು ಆಟ ತೆರೆದಾಗ ಇರುವಂಥವೇ, ಸ್ಟೇಮನ್ ಮತ್ತು ಟ್ರಾನ್ಸ್‌ಫರ್ ಎರಡೂ ಉಂಟು. ಒಂದೇ ಪಾಠ ಎರಡು ಕಡೆ ನಡೆಯುತ್ತದೆ, ಹೊಸಬರಿಗೆ ನೆನಪಿಡಲು ಸುಲಭ. ಡಬಲ್ ಬಂದರೆ ಅದೆಲ್ಲ ರದ್ದು, ಹೇಳಿದ ಬಣ್ಣವೇ ಇರುವ ಬಣ್ಣ. ನಾಲ್ಕನೆಯ ಸ್ಥಾನದಲ್ಲಿ 11ರಿಂದ 14 ಸಾಕು, ಏಕೆಂದರೆ ಎದುರಾಳಿಯ ಜೊತೆಗಾರರೇ ಪಾಸ್ ಅಂದಿರುವಾಗ ನಮ್ಮ ಜೊತೆಗಾತಿಯ ಕೈಯಲ್ಲಿ ಏನೋ ಇದ್ದೇ ಇರುತ್ತದೆ. ಅವರ ಒಂದರ ಮೇಲೆ ಎರಡು ನೋ ಟ್ರಂಪಿಗೆ ಹಾರಿದರೆ ಅವರು ಹೇಳದೆ ಬಿಟ್ಟ ಬಣ್ಣಗಳಲ್ಲಿ ಕೆಳಗಿನ ಎರಡರಲ್ಲಿ ಐದೈದು ಎಲೆ. ಆದರೆ ಅವರೇ ದುರ್ಬಲ ಕೈಯಿಂದ ಎರಡರಲ್ಲಿ ತೆರೆದಿದ್ದರೆ ಎರಡು ನೋ ಟ್ರಂಪ್ ಎಂದರೆ ಅದೇ 15-18ರ ಹದವಾದ ಕೈ.

"ಟ್ರಾನ್ಸ್‌ಫರ್ ಬೇಡ, ಬಡವರ ಕೈಗೆ ನೇರ ಬಣ್ಣವೇ ಒಳ್ಳೆಯದು" ಎಂದು ವಾದಿಸುವವರೂ ಇದ್ದಾರೆ. ಅವರ ವಾದದಲ್ಲೂ ಹುರುಳಿದೆ. ಅದನ್ನೇ ಆರಿಸಿಕೊಳ್ಳಿ, ನನ್ನ ಅಭ್ಯಂತರವಿಲ್ಲ. ಹಾಗೆ ಆಡಿದ್ದರೆ ಅಂದು ನನ್ನ ಎರಡು ಇಸ್ಪೀಟಿಗೇ ಕೈ ನಿಲ್ಲುತ್ತಿತ್ತು. ಟ್ರಾನ್ಸ್‌ಫರ್ ಉಂಟೆಂದು ಹೇಳಿದ್ದರೂ ನಾನು ಎರಡು ಆಟೀನ್ ಎಂದು, ಅಲ್ಲಿಗೇ ತಲುಪುತ್ತಿದ್ದೆವು. ಎರಡು ದಾರಿಯೂ ಊರಿಗೆ ಹೋಗುತ್ತದೆ. ಒಬ್ಬರು ಒಂದು ದಾರಿ, ಇನ್ನೊಬ್ಬರು ಇನ್ನೊಂದು ಹಿಡಿದರೆ ಮಾತ್ರ ಇಬ್ಬರೂ ಊರು ಸೇರುವುದಿಲ್ಲ.

"ವರ್ಷಗಟ್ಟಲೆ ಒಟ್ಟಿಗೆ ಆಡಿದರೆ ಕಣ್ಣು ನೋಡಿಯೇ ತಿಳಿಯುತ್ತದೆ" ಎನ್ನುವವರಿಗೆ ಬ್ರಿಜ್ಜಿನ ಕಾನೂನೇ ಉತ್ತರ ಕೊಡುತ್ತದೆ. ಜೊತೆಗಾತಿಯ ಮುಖ, ದನಿ, ತಡವರಿಸಿದ ಕ್ಷಣ, ಇವುಗಳಿಂದ ಅರ್ಥ ತೆಗೆದು ಆಡುವಂತಿಲ್ಲ. ಗುಟ್ಟಿನ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಎದುರಾಳಿ ಕೇಳಿದರೆ ನಮ್ಮ ಒಪ್ಪಂದವನ್ನು ಅವರಿಗೂ ಬಿಡಿಸಿ ಹೇಳಬೇಕು. ನಮ್ಮ ಕಡೆಯ ಇಪ್ಪತ್ತೆಂಟರ ಆಟದಲ್ಲಿ ತುರುಫನ್ನು ಮಗುಚಿಟ್ಟು ಆಡುತ್ತಾರೆ, ಅದರ ಸೊಗಸು ಬೇರೆ. ಬ್ರಿಜ್ಜಿನಲ್ಲಿ ಎಲೆ ಮಾತ್ರ ಗುಟ್ಟು, ಮಾತು ಬಯಲು. ಮನೆಯಲ್ಲಿ ನಮ್ಮಿಂದ ಗುಣವೆಂದು ಬಯಸುವ ಆ ಕಣ್ಸನ್ನೆಯ ತಿಳಿವಳಿಕೆ ಇಲ್ಲಿ ಮೋಸವೆನಿಸುತ್ತದೆ. ಯೋಚಿಸಬೇಕಾದ ಸಂಗತಿಯಲ್ಲವೇ?

ಇನ್ನೊಂದು ಸಂಗತಿ ಕೇಳಿ. ಸ್ಟೇಮನ್ ಎಂದು ಲೋಕವೆಲ್ಲ ಕರೆಯುವ ಆ ಉಪಾಯವನ್ನು ರೂಪಿಸಿದ್ದು ಸ್ಯಾಮ್ ಸ್ಟೇಮನ್ ಅಲ್ಲ, ಅವರ ಜೊತೆಗಾರ ಜಾರ್ಜ್ ರಪೀ. 1945ರಲ್ಲಿ ಅದರ ಬಗ್ಗೆ ಲೇಖನ ಬರೆದದ್ದು ಸ್ಟೇಮನ್. ಬರೆದವರ ಹೆಸರೇ ಉಳಿಯಿತು. ಯೋಚಿಸಿ ಸುಮ್ಮನೆ ಕುಳಿತವರಿಗೆ ಲೋಕ ಕೊಡುವ ಪಾಲು ಎಷ್ಟೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆದ್ದರಿಂದ ಸೋದರಿಯರೇ, ಹೊಸ ಜೊತೆಗಾರರು ಸಿಕ್ಕಾಗ ಕೇಳಲು ಸಂಕೋಚಪಡಬೇಡಿ. ಕೇಳುವವರು ದಡ್ಡರಲ್ಲ, ಉತ್ತರ ಕೊಡಲು ಬಾರದವರೇ ನಗುತ್ತಾರೆ. "ಗೊತ್ತಾಗ್ತದೆ ಬಿಡಿ" ಎಂದರೆ "ಗೊತ್ತಾದ ಮೇಲೆಯೇ ಕೂರುತ್ತೇನೆ" ಎನ್ನಿ. ಅಷ್ಟಕ್ಕೂ ಒಪ್ಪದವರೊಡನೆ ಆಡದಿದ್ದರೆ ನಷ್ಟ ಯಾರಿಗೆ? ನಾಲ್ಕನೆಯವರಿಲ್ಲದೆ ಬ್ರಿಜ್ ನಡೆಯುವುದಿಲ್ಲ ಎಂಬುದು ಅವರಿಗೂ ಗೊತ್ತು.