ಸುಬೇದಾರ್ ರಾಮಜಿಯೂ ನಮ್ಮ ಅಪ್ಪಂದಿರೂ



ಏಪ್ರಿಲ್ 14 ಯಾವ ದಿನ ಅಂತ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತೇವೆ. ಡಿಸೆಂಬರ್ 6 ಅಂದರೆ ಎದೆ ಭಾರವಾಗುತ್ತದೆ. ಫೆಬ್ರವರಿ 2 ಯಾವ ದಿನ ಅಂತ ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ. 1913ರ ಆ ದಿನ ಮುಂಬಯಿಯಲ್ಲಿ ಒಬ್ಬ ಮುದಿ ಸಿಪಾಯಿ ತೀರಿಕೊಂಡರು. ಹೆಸರು ರಾಮಜಿ ಮಾಲೋಜಿ ಸಕ್ಪಾಲ್. ಬಾಬಾಸಾಹೇಬರ ಅಪ್ಪ. ಈ ಸಲದ ಮಾತು ಅವರದು. ಅವರ ನೆಪದಲ್ಲಿ ನಮ್ಮ ನಿಮ್ಮ ಅಪ್ಪಂದಿರದೂ ಹೌದು.

ರಾಮಜಿಯವರ ಊರು ರತ್ನಾಗಿರಿ ಜಿಲ್ಲೆಯ ಅಂಬಡವೆ. ಅವರಪ್ಪ ಮಾಲೋಜಿಯೂ ಸಿಪಾಯಿ. ಹೆಂಡತಿ ಭೀಮಾಬಾಯಿಯ ತಂದೆಯೂ ಪಲ್ಟನ್ನಿನಲ್ಲಿ ಸುಬೇದಾರ್ ಮೇಜರ್. ಊರೊಳಗೆ ಕಾಲಿಡಲು ಬಿಡದ ಮಹಾರರಿಗೆ ಪಲ್ಟನ್ನು ಬಾಗಿಲು ತೆರೆದಿತ್ತು. ಅಲ್ಲಿ ಬಂದೂಕಿನ ಜೊತೆ ಅಕ್ಷರವೂ ಸಿಕ್ಕಿತು. ರಾಮಜಿಯವರು ಸೈನ್ಯದ ಶಾಲೆಯಲ್ಲಿ 14 ವರ್ಷ ಹೆಡ್‌ಮಾಸ್ಟರಾಗಿದ್ದು ಸುಬೇದಾರ್ ಮೇಜರ್ ಹುದ್ದೆಗೇರಿದರು. ಮಧ್ಯಭಾರತದ ಮಹು ದಂಡಿನಲ್ಲಿ ಅವರಿದ್ದಾಗಲೇ 1891ರಲ್ಲಿ ಹದಿನಾಲ್ಕನೆಯ ಮಗು ಭೀಮ ಹುಟ್ಟಿದ್ದು.

1818ರ ಜನವರಿ 1ರಂದು ಭೀಮಾ ನದಿ ದಡದ ಕೋರೆಗಾಂವದಲ್ಲಿ ಪೇಶ್ವೆಯ ಸೈನ್ಯದೆದುರು ಸತ್ತ ಮಹಾರ್ ಸಿಪಾಯಿಗಳ ಹೆಸರು ಅಲ್ಲಿನ ಕಂಬದ ಮೇಲೆ ಕೆತ್ತಿವೆ. ಇಪ್ಪತ್ತೆರಡು ಹೆಸರು. ಆ ಕಂಬ ನಿಲ್ಲಿಸಿದ ಬ್ರಿಟಿಷರೇ ಸುಮಾರು 1892ರಲ್ಲಿ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು. ಯುದ್ಧ ಮಾಡುವ ಜಾತಿಗಳೇ ಬೇರೆ ಅಂತ ಹೊಸ ಶಾಸ್ತ್ರ ಹುಟ್ಟಿಸಿದರು. ಗುಂಡಿಗೆ ಎದೆ ಕೊಡುವಾಗ ಇಲ್ಲದ ಮೈಲಿಗೆ ಸಂಬಳ ಕೊಡುವಾಗ ಬಂತು! ರಾಮಜಿಯವರು ಸುಮ್ಮನೆ ಕೂರಲಿಲ್ಲ. ನ್ಯಾಯಮೂರ್ತಿ ರಾನಡೆಯವರ ಹತ್ತಿರ ಹೋಗಿ ಇದರ ವಿರುದ್ಧ ಅರ್ಜಿ ಬರೆಸಿದರು ಎಂದು ಧನಂಜಯ ಕೀರ್ ಬರೆದಿದ್ದಾರೆ. ಆದರೆ ಬಾಗಿಲು ಮತ್ತೆ ತೆರೆಯಲು ಮೊದಲ ಮಹಾಯುದ್ಧವೇ ಬರಬೇಕಾಯಿತು. ಸಾಯುವವರು ಬೇಕಾದಾಗ ಕರೆದರು. ಯುದ್ಧ ಮುಗಿದ ಮೇಲೆ ಮತ್ತೆ ಕಳಿಸಿದರು.

ಪೆನ್ಷನ್ ತಗೊಂಡು ಹೊರಬಂದ ಸುಬೇದಾರನಿಗೆ ಹೊರಗೆ ಏನು ಬೆಲೆ ಇತ್ತು? ಸತಾರಾದಲ್ಲಿ ಅವರ ಮಕ್ಕಳಿಗೆ ಕ್ಷೌರ ಮಾಡುವವರಿರಲಿಲ್ಲ, ಅಕ್ಕನೇ ಭೀಮನ ಕೂದಲು ಕತ್ತರಿಸಬೇಕಿತ್ತು. ಶಾಲೆಯಲ್ಲಿ ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ನೀರು. 1901ರಲ್ಲಿ ರಾಮಜಿಯವರು ಬರಗಾಲದ ಕೆರೆ ಕೆಲಸದಲ್ಲಿ ಕ್ಯಾಷಿಯರಾಗಿ ಗೋರೆಗಾಂವದಲ್ಲಿದ್ದರು. ಅಪ್ಪನನ್ನು ನೋಡಲು ಹುಡುಗರು ಹೊಸ ಅಂಗಿ, ಜರಿ ಟೋಪಿ ಹಾಕಿಕೊಂಡು ರೈಲು ಹತ್ತಿದರು. ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ, ಕಾಗದ ಅಪ್ಪನ ಕೈ ಸೇರಿರಲಿಲ್ಲ. ಅಂದವಾದ ಬಟ್ಟೆ ನೋಡಿ ಹತ್ತಿರ ಬಂದ ಸ್ಟೇಷನ್ ಮಾಸ್ತರ, ಮಹಾರರು ಅಂತ ತಿಳಿದ ಕೂಡಲೇ ಮುಖ ಸಣ್ಣದು ಮಾಡಿ ಹಿಂದೆ ಸರಿದ. ಎರಡು ಪಟ್ಟು ಬಾಡಿಗೆ ಕೊಟ್ಟರೂ ಗಾಡಿಯವನು ಅವರ ಜೊತೆ ಕೂರಲಿಲ್ಲ. ಹುಡುಗರೇ ಗಾಡಿ ಹೊಡೆದರು, ಅವನು ನಡೆದು ಬಂದ. ಬುತ್ತಿ ಇತ್ತು, ಇಡೀ ರಾತ್ರಿ ಕುಡಿಯಲು ನೀರು ಸಿಗಲಿಲ್ಲ. ಸುಬೇದಾರನ ಮಕ್ಕಳು!

ಇಂಥ ರಾಮಜಿಯವರು ದೊಡ್ಡ ಭಕ್ತರು. ಕಬೀರ ಪಂಥದವರು. ಮಾಂಸ ಮುಟ್ಟುತ್ತಿರಲಿಲ್ಲ, ಹೆಂಡ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ದಿನಾ ಪ್ರಾರ್ಥನೆ, ಭಜನೆ. ಮಕ್ಕಳು ರಾಮಾಯಣ, ಮಹಾಭಾರತ ಓದಲೇಬೇಕು. ಭೀಮ ಎದುರು ಪ್ರಶ್ನೆ ಹಾಕಿದ: ಬ್ರಾಹ್ಮಣ ಕ್ಷತ್ರಿಯರನ್ನು ಹೊಗಳುವ, ಶೂದ್ರರನ್ನು ತುಳಿಯುವ ಈ ಪುಸ್ತಕ ನಾವ್ಯಾಕೆ ಓದಬೇಕು? ಅಪ್ಪ ಮೊದಲು ಗದರಿದರು. ಮುಂದೊಂದು ದಿನ ಉತ್ತರ ಕೊಟ್ಟರು. ಅಸ್ಪೃಶ್ಯರಾದ ನಮ್ಮ ಮಕ್ಕಳಿಗೆ ತಾವು ಕೀಳು ಅನ್ನೋ ಭಾವನೆ ಬರಬಾರದು, ಕರ್ಣನನ್ನು ನೋಡಿ, ವಾಲ್ಮೀಕಿಯನ್ನು ನೋಡಿ, ಕೆಳಗಿದ್ದವರು ಎಷ್ಟು ಎತ್ತರಕ್ಕೇರಿದರು ಎಂಬ ಅರ್ಥದ ಉತ್ತರ. ಮಗನಿಗೆ ಅದು ಒಪ್ಪಿಗೆಯಾಗಲಿಲ್ಲ. ಆತ ಬೇರೆ ದಾರಿ ಹುಡುಕಿಕೊಂಡು 1956ರಲ್ಲಿ ನಾಗಪುರದಲ್ಲಿ ಬುದ್ಧನ ಬಳಿ ಸೇರಿದರು. ಆದರೆ ನೋಡಿ, ತಮ್ಮ ಮೂವರು ಗುರುಗಳನ್ನು ಹೆಸರಿಸುವಾಗ ಬುದ್ಧ ಮತ್ತು ಫುಲೆಯವರ ನಡುವೆ ಕಬೀರನನ್ನು ಇಟ್ಟರು. ಆ ಕಬೀರ ಅಪ್ಪನ ಮನೆಯಿಂದ ಬಂದವನು.

1904ರ ಹೊತ್ತಿಗೆ ಸಂಸಾರ ಮುಂಬಯಿಯ ಪರೇಲಿನ ಚಾಳಿನ ಒಂದೇ ಕೋಣೆಗೆ ಬಂತು. ಅಡುಗೆ ಅಲ್ಲೇ, ನಿದ್ದೆ ಅಲ್ಲೇ, ಬೀಸುಕಲ್ಲು ಅಲ್ಲೇ, ಕಟ್ಟಿದ ಮೇಕೆಯೂ ಅಲ್ಲೇ. ಪೆನ್ಷನ್ ತಿಂಗಳಿಗೆ 50 ರೂಪಾಯಿ. ಇಬ್ಬರನ್ನು ಓದಿಸಲು ಆಗದೆ ಅಣ್ಣ ಆನಂದರಾವ್ ಶಾಲೆ ಬಿಟ್ಟು ಕೆಲಸಕ್ಕೆ ಹೋದ. ಮಗ ಪುಸ್ತಕ ಕೇಳಿದರೆ ಅಪ್ಪ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಸಾಲ ಕೇಳುತ್ತಿದ್ದರು. ದುಡ್ಡಿಲ್ಲದಿದ್ದರೆ ಮಗಳ ಒಡವೆ ತಂದು ಗಿರವಿ ಇಟ್ಟು, ಪೆನ್ಷನ್ ಬಂದ ಮೇಲೆ ಬಿಡಿಸಿಕೊಡುತ್ತಿದ್ದರು. ಮಗನನ್ನು ಬೇಗ ಮಲಗಿಸಿ ತಾವು ರಾತ್ರಿ ಎರಡು ಗಂಟೆವರೆಗೆ ಎದ್ದಿರುತ್ತಿದ್ದರು. ಆಮೇಲೆ ಮಗನನ್ನು ಓದಲು ಎಬ್ಬಿಸಿ, ಅವನೆದ್ದ ಜಾಗದಲ್ಲಿ ತಾವು ಮಲಗುತ್ತಿದ್ದರು. ಪಲ್ಟನ್ನಿನ ಪಹರೆ ಬದಲಾದ ಹಾಗೆ.

ಆ ಮಗ ಬಿ.ಎ. ಮುಗಿಸಿ 1913ರ ಜನವರಿಯಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದರು. ಅಪ್ಪನಿಗೆ ಮನಸ್ಸಿರಲಿಲ್ಲ. ಕೆಲವೇ ದಿನಕ್ಕೆ ತಂತಿ ಬಂತು: ಅಪ್ಪನಿಗೆ ಜೋರು ಕಾಯಿಲೆ. ವಾಪಸ್ಸು ಬರುವಾಗ ಮಗ ಅಪ್ಪನಿಗೆಂದು ಮಿಠಾಯಿ ತರಲು ಸೂರತ್ತಿನಲ್ಲಿ ಇಳಿದರು. ರೈಲು ಹೊರಟುಹೋಯಿತು. ಮಾರನೇ ದಿನ ಮನೆ ಮುಟ್ಟಿದಾಗ ಮಾತಾಡಲು ಆಗದ ಅಪ್ಪ ಮಗನ ಬೆನ್ನ ಮೇಲೆ ಕೈಯಾಡಿಸಿದರು. ಅಷ್ಟೆ. ಜೀವ ಹೋಯಿತು. ಅದೇ ವರ್ಷ ಜುಲೈ ಹೊತ್ತಿಗೆ ಮಗ ನ್ಯೂಯಾರ್ಕಿನಲ್ಲಿದ್ದರು, ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ. ಅಪ್ಪ ಅದನ್ನು ನೋಡಲಿಲ್ಲ.

ಈಗ ನಮ್ಮ ಮಾತಿಗೆ ಬರೋಣ. ಹಾಸ್ಟೆಲಿಗೆ ಬಂದು ನಾಲ್ಕು ಪುಸ್ತಕ ಓದಿದ ಮೇಲೆ ನಮಗೆ ಅಪ್ಪಂದಿರ ಭಕ್ತಿ ಕಂಡರೆ ನಗು ಬರುತ್ತದೆ. ಮಂಟೇಸ್ವಾಮಿ ಹಾಡುವ ಅಪ್ಪ, ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ಹೋಗುವ ಅಪ್ಪ, ಏಕತಾರಿ ಹಿಡಿದು ತತ್ವಪದ ಹೇಳುವ ತಾತ. ಮೂಢರು ಅಂತ ಒಂದೇ ಮಾತಲ್ಲಿ ತಳ್ಳಿಬಿಡುತ್ತೇವೆ. ನಾವೂ ತಳ್ಳಿದವರೇ, ಅದಕ್ಕೇ ಹೇಳುತ್ತಿದ್ದೇವೆ.

ಭಕ್ತಿ ರಾಮಜಿಯವರಿಗೆ ಸ್ಟೇಷನ್ನಿನಲ್ಲಿ ಒಂದು ಲೋಟ ನೀರು ಕೊಡಿಸಲಿಲ್ಲ. ಇದು ನಿಜ, ಇದನ್ನು ಮರೆಯಬಾರದು. ಆದರೆ ಹೆಂಡದಂಗಡಿಗೆ ಹೋಗಬಹುದಾಗಿದ್ದ ದುಡ್ಡನ್ನು ಪುಸ್ತಕದಂಗಡಿಗೆ ಒಯ್ದದ್ದು, ಲೋಕವೆಲ್ಲ ಕೀಳು ಅಂದಾಗ ನಾನು ಕೀಳಲ್ಲ ಅಂತ ಬೆನ್ನು ನೆಟ್ಟಗೆ ಇಟ್ಟದ್ದು ಅದೇ ಕಬೀರನ ಬಲ. ಇದೂ ನಿಜ. ಬಾಬಾಸಾಹೇಬರು ಅಪ್ಪನ ದೇವರನ್ನು ಪ್ರಶ್ನಿಸಿದರು, ಅಪ್ಪನನ್ನು ಕೀಳು ಮಾಡಲಿಲ್ಲ. ಅಪ್ಪನ ಋಣ ಅಂತ ಅವರ ರಾಮಾಯಣವನ್ನೂ ಹೊತ್ತುಕೊಳ್ಳಲಿಲ್ಲ. ಈ ಎರಡನ್ನೂ ಒಟ್ಟಿಗೆ ಮಾಡುವುದು ಕಷ್ಟ. ನಾವು ಕಲಿಯಬೇಕಾದ್ದು ಅದನ್ನೇ.

ಮುಂದಿನ ರಜೆಗೆ ಊರಿಗೆ ಹೋದಾಗ ಅಪ್ಪನ ಹತ್ತಿರ ಕೂತುಕೊಳ್ಳಿ. ಫೀಸಿನ ದುಡ್ಡು ಕೇಳಲಿಕ್ಕಲ್ಲ. ಯಾವ ಗೌಡನ ಮನೇಲಿ ಎಷ್ಟು ವರ್ಷ ದುಡಿದೆ, ನಿನ್ನನ್ನು ಎಲ್ಲಿಂದ ಎಬ್ಬಿಸಿ ಕಳಿಸಿದರು, ಈ ಪದ ಯಾರ ಹತ್ತಿರ ಕಲಿತೆ ಅಂತ ಕೇಳಿ ಬರೆದುಕೊಳ್ಳಿ. ನಮ್ಮ ಓದಿಗಾಗಿ ಶಾಲೆ ಬಿಟ್ಟ ಅಣ್ಣ ಯಾರು, ಕಿವಿಯ ಓಲೆ ಬಿಚ್ಚಿಕೊಟ್ಟ ಅಕ್ಕ ಯಾರು ಅಂತ ಲೆಕ್ಕ ಹಾಕಿ. ಜಗಳ ಆಡಬೇಕಾದ ಕಡೆ ಜಗಳವೂ ಆಡಿ. ಅಪ್ಪನ ಜೊತೆ ವಾದ ಮಾಡುವುದು ತಪ್ಪಲ್ಲ, ಮಾತು ಬಿಡುವುದು ತಪ್ಪು.

ನಾವು ಸೂರತ್ತಿನಲ್ಲಿ ಇಳಿಯುವುದು ಬೇಡ. ಮಿಠಾಯಿ ಇಲ್ಲದಿದ್ದರೂ ಚಿಂತೆಯಿಲ್ಲ, ಹೊತ್ತಿಗೆ ಸರಿಯಾಗಿ ಮನೆ ಮುಟ್ಟೋಣ.

ಜೈ ಭೀಮ್.